ಪ್ರಿಪೊಸಿಷನ್ ಬೆನ್ನಿಗೆ ‘ಕ್ಯಾನ್’, ‘ಮೇ’ ಬಂದು ಇಂಗ್ಲಿಷ್ ವಾಕ್ಯ ಮುರಿದಾಗ: ದೋಷ ನಿವಾರಣೆ ಕೈಪಿಡಿ

ದೋಷದ ಲಕ್ಷಣ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳಲ್ಲಿ ಓದಿ, ವಸಂತನರಸಾಪುರದಲ್ಲೋ ನರಸಾಪುರದಲ್ಲೋ ಇರುವ ಕಾರ್ಖಾನೆಗಳಿಗೆ ಅರ್ಜಿ ಹಾಕುವ ಯುವಕ ಯುವತಿಯರ ಇಂಗ್ಲಿಷ್ ಬರವಣಿಗೆಯಲ್ಲಿ ಒಂದು ದೋಷ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಸ್ಪೆಲಿಂಗ್ ಸರಿಯಿರುತ್ತದೆ, ಪದಗಳ ಆಯ್ಕೆಯೂ ಸರಿಯಿರುತ್ತದೆ, ಹೇಳಬೇಕಾದ ವಿಷಯ ಓದುವವರಿಗೆ ತಿಳಿದೂ ಬಿಡುತ್ತದೆ. ಆದರೂ ವಾಕ್ಯ ನಡುವೆ ಎಲ್ಲೋ ಕಡಿದುಹೋದಂತೆ ಇರುತ್ತದೆ. ‘ಡ್ಯೂ ಟು ಕುಡ್ ನಾಟ್ ಗೆಟ್ ಎ ಬಸ್, ಐ ವಾಸ್ ಲೇಟ್’. ‘ಡಿಸ್ಪೈಟ್ ಹಿ ಕ್ಯಾನ್ ಸ್ಪೀಕ್ ತೆಲುಗು, ಹಿ ಕೆಪ್ಟ್ ಕ್ವಾಯಟ್’. ‘ಐ ಹ್ಯಾವ್ ಎ ಡೌಟ್ ಅಬೌಟ್ ಕ್ಯಾನ್ ಐ ಚೇಂಜ್ ಮೈ ಶಿಫ್ಟ್’. ‘ಬಿಕಾಸ್ ಆಫ್ ಮೇ ರೇನ್, ವಿ ಕವರ್ಡ್ ದಿ ರಾಗಿ’. ನೋಡಲು ನಾಲ್ಕು ಬಗೆಯ ತಪ್ಪುಗಳಂತೆ ಕಂಡರೂ ನಾಲ್ಕಕ್ಕೂ ಬೇರು ಒಂದೇ.

ಆ ಬೇರನ್ನು ಗುರುತಿಸಿ ವಾಕ್ಯವನ್ನು ಸರಿಪಡಿಸುವ ಕ್ರಮವನ್ನು ಇಲ್ಲಿ ಬರೆದಿದೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿರುವುದರಿಂದ ಅವನ್ನು ಒಮ್ಮೆ ಬಾಯಿಬಿಟ್ಟು ಓದಿಕೊಳ್ಳುವುದು ಒಳ್ಳೆಯದು. ಪ್ರಿಪೊಸಿಷನ್ (ನಾಮಪದಕ್ಕೆ ಮೊದಲು ಬಂದು ಸಂಬಂಧ ಸೂಚಿಸುವ ಪದ), ಕಂಜಂಕ್ಷನ್ (ವಾಕ್ಯಗಳನ್ನು ಜೋಡಿಸುವ ಪದ), ಮೋಡಲ್ ಎಂಬ ಹೆಸರುಗಳನ್ನು ತರಗತಿಗಳಲ್ಲಿ ರೂಢಿಯಿರುವಂತೆಯೇ ಉಳಿಸಿಕೊಂಡಿದೆ. ಮೋಡಲ್ ಎಂದಾಗ ಇಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಸಾಧ್ಯತೆ, ಸಾಮರ್ಥ್ಯ, ಅನುಮತಿಗಳನ್ನು ಸೂಚಿಸುವ ಕ್ಯಾನ್, ಕುಡ್, ಮೇ, ಮೈಟ್ ಎಂಬ ನಾಲ್ಕನ್ನು.

ಮೊದಲ ತಪಾಸಣೆ

ಬೋರ್‌ವೆಲ್ ನೀರೆತ್ತದಿದ್ದಾಗ ಮೋಟಾರನ್ನು ಮೇಲೆತ್ತಿಸುವ ಮೊದಲು ಮೂರು ಫೇಸ್ ಕರೆಂಟ್ ಇದೆಯೇ ಎಂದು ನೋಡುವಂತೆ, ಇಲ್ಲಿಯೂ ನಿಯಮಗಳನ್ನು ಕೆದಕುವ ಮೊದಲು ಮಾಡಬೇಕಾದ ಒಂದು ಸರಳ ತಪಾಸಣೆಯಿದೆ. ವಾಕ್ಯದಲ್ಲಿರುವ ಮೋಡಲ್ ಮೇಲೆ ಬೆರಳಿಟ್ಟು, ‘ಯಾರು ಅಥವಾ ಯಾವುದು?’ ಎಂದು ಕೇಳಬೇಕು. ಉತ್ತರವಾಗಿ ಸಿಗುವುದು ಆ ಮೋಡಲ್‌ನ ಕರ್ತೃ. ಆ ಕರ್ತೃವಿನ ಎಡಗಡೆ, ಅದಕ್ಕೆ ತಾಗಿಕೊಂಡಂತೆ ಯಾವ ಪದವಿದೆ ಎಂದು ನೋಡಬೇಕು. ಅಲ್ಲಿ ಏನೂ ಇಲ್ಲದಿದ್ದರೆ, ಅಥವಾ ‘ಬಿಕಾಸ್’, ‘ಆಲ್ದೋ’, ‘ಇಫ್’, ‘ವೆದರ್’, ‘ಹೌ’ ಮುಂತಾದ ಪದವಿದ್ದರೆ ವಾಕ್ಯ ಆರೋಗ್ಯವಾಗಿದೆ. ಅಲ್ಲಿ ‘ಡಿಸ್ಪೈಟ್’, ‘ಡ್ಯೂರಿಂಗ್’, ‘ಬಿಕಾಸ್ ಆಫ್’, ‘ಡ್ಯೂ ಟು’ ಮುಂತಾದ ಶುದ್ಧ ಪ್ರಿಪೊಸಿಷನ್ ಇದ್ದರೆ ದೋಷ ಅಲ್ಲಿಯೇ ಇದೆ. ಕರ್ತೃವೇ ಸಿಗದೆ, ಪ್ರಿಪೊಸಿಷನ್ ಆದ ಕೂಡಲೇ ಮೋಡಲ್ ನಿಂತಿದ್ದರೆ ದೋಷ ಬಹುಮಟ್ಟಿಗೆ ಖಚಿತ.

ಮೇಲಿನ ವಾಕ್ಯಗಳನ್ನೇ ಪರೀಕ್ಷಿಸಬಹುದು. ‘ಡಿಸ್ಪೈಟ್ ಹಿ ಕ್ಯಾನ್ ಸ್ಪೀಕ್’ ಎಂಬಲ್ಲಿ ಕರ್ತೃ ‘ಹಿ’. ಅದರ ಎಡಕ್ಕೆ ‘ಡಿಸ್ಪೈಟ್’ ಇರುವುದರಿಂದ ದೋಷವಿದೆ. ‘ಡ್ಯೂ ಟು ಕುಡ್ ನಾಟ್ ಗೆಟ್’ ಎಂಬಲ್ಲಿ ಯಾರಿಗೆ ಬಸ್ಸು ಸಿಗಲಿಲ್ಲವೆಂದು ಹೇಳುವ ಪದ ಆ ಭಾಗದಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ದೋಷವಿದೆ. ‘ಅಬೌಟ್ ಕ್ಯಾನ್ ಐ ಚೇಂಜ್’ ಎಂಬಲ್ಲಿ ಕರ್ತೃ ‘ಐ’ ಮೋಡಲ್‌ನ ಬಲಗಡೆಗೆ ಸರಿದಿದೆ. ಹೀಗೆ ಸರಿಯುವುದು ನೇರ ಪ್ರಶ್ನೆಯಲ್ಲಿ ಮತ್ತು ಮುಂದೆ ಹೇಳಲಿರುವ ಕೆಲವೇ ಸಂದರ್ಭಗಳಲ್ಲಿ ಒಪ್ಪುತ್ತದೆಯೇ ಹೊರತು ‘ಅಬೌಟ್’ ಹಿಂದೆ, ಅಂದರೆ ಅದಾದ ಮೇಲೆ, ಒಪ್ಪುವುದಿಲ್ಲ.

ಯಾವುದು ಶುದ್ಧ ಪ್ರಿಪೊಸಿಷನ್ ಎಂಬ ಅನುಮಾನ ಬಂದಾಗ ಪದಗುಚ್ಛದ ಬಾಲವನ್ನು ನೋಡುವುದು ಒಂದು ಉಪಾಯ. ‘ಬಿಕಾಸ್ ಆಫ್’, ‘ಇನ್ ಸ್ಪೈಟ್ ಆಫ್’, ‘ಇನ್‌ಸ್ಟೆಡ್ ಆಫ್’, ‘ಇನ್ ಕೇಸ್ ಆಫ್’, ‘ಡ್ಯೂ ಟು’, ‘ಓಯಿಂಗ್ ಟು’, ‘ಅಪಾರ್ಟ್ ಫ್ರಮ್’ ಎಂಬಂತೆ ಆಫ್, ಟು, ಫ್ರಮ್‌ಗಳಲ್ಲಿ ಮುಗಿಯುವ ಗುಚ್ಛಗಳು ತಮ್ಮ ಹಿಂದೆ ಕರ್ತೃ ಮತ್ತು ಮೋಡಲ್ ಇರುವ ಉಪವಾಕ್ಯವನ್ನು ನೇರವಾಗಿ ಸೇರಿಸಿಕೊಳ್ಳುವುದಿಲ್ಲ. ‘ಬಿಫೋರ್’, ‘ಆಫ್ಟರ್’, ‘ಅಂಟಿಲ್’, ‘ಸಿನ್ಸ್’ ಎಂಬವು ಪ್ರಿಪೊಸಿಷನ್ ಆಗಿಯೂ ಕಂಜಂಕ್ಷನ್ ಆಗಿಯೂ ದುಡಿಯುವುದರಿಂದ ‘ಬಿಫೋರ್ ವಿ ಕ್ಯಾನ್ ಲೋಡ್ ದಿ ಲಾರಿ’ ಎಂಬುದು ಸರಿ. ಆದರೆ ಅಲ್ಲಿಯೂ ಕರ್ತೃವನ್ನು ಬಿಟ್ಟು ‘ಬಿಫೋರ್ ಕ್ಯಾನ್ ಲೋಡ್’ ಎಂದರೆ ಕೆಟ್ಟಿತು.

ದೋಷ ಹುಟ್ಟುವ ಜಾಗ

‘ಮಳೆ ಬರಬಹುದಾದ್ದರಿಂದ ರಾಗಿಗೆ ಟಾರ್ಪಾಲು ಹೊದಿಸಿದೆವು’ ಎಂಬ ಮಾತನ್ನು ಗಮನಿಸಿ. ಬರುವ ಕ್ರಿಯೆ, ಅದರ ಸಾಧ್ಯತೆ, ಅದು ಕಾರಣವೆಂಬ ಸಂಬಂಧ, ಈ ಮೂರೂ ಒಂದೇ ಪದದ ಮೈಯಲ್ಲಿ ಸಾಲಾಗಿ ಕೂತಿವೆ. ಕನ್ನಡದ ‘ಬಹುದು’ ತನ್ನ ಬೆನ್ನಿಗೆ ‘ಆದ’ ಎಂಬುದನ್ನು ಸುಲಭವಾಗಿ ಹೊರುತ್ತದೆ. ಅದರ ಮೇಲೆ ‘ಇಂದ’ ಹತ್ತಿದರೂ ಹೊರುತ್ತದೆ. ಮಳೆಯಿಂದ ಎನ್ನುವಾಗ ನಾಮಪದಕ್ಕೆ ಹತ್ತುವ ಅದೇ ‘ಇಂದ’ ಬರಬಹುದಾದ್ದರಿಂದ ಎನ್ನುವಾಗ ಕ್ರಿಯೆಯಿಂದ ಆದ ರೂಪಕ್ಕೂ ಹತ್ತುತ್ತದೆ. ಹೀಗಾಗಿ ನಮ್ಮ ಕಿವಿಗೆ ಎರಡೂ ಒಂದೇ ಜಾತಿಯ ಜೋಡಣೆಗಳಾಗಿ ಕೇಳುತ್ತವೆ. ವಿದ್ಯಾರ್ಥಿ ‘ಇಂದ’ದ ಜಾಗಕ್ಕೆ ‘ಬಿಕಾಸ್ ಆಫ್’, ‘ಬಹುದು’ವಿನ ಜಾಗಕ್ಕೆ ‘ಮೇ’ ಇಟ್ಟು ಮುಂದೆ ಹೋಗುತ್ತಾನೆ. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರ ಕಡೆಯ, ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೂ ಇದೇ ತೊಡಕು ಬರುತ್ತದೆ. ಸಂಬಂಧ ಸೂಚಿಸುವ ಪದ ತೆಲುಗಿನಲ್ಲಿಯೂ ಕ್ರಿಯಾಪದ ಆದಮೇಲೆಯೇ ಬರುವುದು ಇದಕ್ಕೆ ಕಾರಣ.

ಇಂಗ್ಲಿಷ್‌ನ ವ್ಯವಸ್ಥೆ ಬೇರೆ. ಅಲ್ಲಿ ಪ್ರಿಪೊಸಿಷನ್ ಆದಮೇಲೆ ನಾಮಪದವೊಂದು ಬರಬೇಕು. ಕ್ರಿಯಾಪದವನ್ನೇ ತರಬೇಕೆಂದರೆ ಅದಕ್ಕೆ ‘ಇಂಗ್’ ಸೇರಿಸಿ ನಾಮಪದದ ಸ್ಥಾನಕ್ಕೆ ತರಬೇಕು. ‘ಗೋ’ ಎಂಬುದು ‘ಗೋಯಿಂಗ್’ ಆಗಬಲ್ಲದು, ‘ವೇಟ್’ ಎಂಬುದು ‘ವೇಟಿಂಗ್’ ಆಗಬಲ್ಲದು. ಆದರೆ ಮೋಡಲ್‌ಗಳಿಗೆ ‘ಇಂಗ್’ ರೂಪವೇ ಇಲ್ಲ. ‘ಟು’ ಹಚ್ಚಿದ ರೂಪವೂ ಇಲ್ಲ. ಆದ್ದರಿಂದಲೇ ‘ಐ ವಾಂಟ್ ಟು ಕ್ಯಾನ್ ಸ್ಪೀಕ್’ ಎಂಬುದೂ ಇದೇ ಕುಟುಂಬದ ತಪ್ಪು. ಹಿಂದೆ, ಮಧ್ಯಕಾಲೀನ ಇಂಗ್ಲಿಷ್‌ನಲ್ಲಿ, ‘ಕ್ಯಾನ್’, ‘ಮೇ’ಗಳಿಗೂ ಅಂಥ ರೂಪಗಳಿದ್ದವು, ಸುಮಾರು 16ನೇ ಶತಮಾನದ ಹೊತ್ತಿಗೆ ಅವು ಶಿಷ್ಟ ಬಳಕೆಯಿಂದ ಮರೆಯಾದವು. ಇಂಗ್ಲಿಷ್‌ಗೆ ನಂಟಿರುವ ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಇವೆ. ಆದ್ದರಿಂದ ‘ವಿದೌಟ್ ಕ್ಯಾನಿಂಗ್’ ಎಂದು ಬರೆದ ಹುಡುಗನನ್ನು ನೋಡಿ ನಗುವ ಕಾರಣವಿಲ್ಲ. ಅವನ ತರ್ಕ ಸರಿಯಾಗಿಯೇ ಇತ್ತು, ರೂಪ ಮಾತ್ರ ಭಾಷೆಯಲ್ಲಿ ಉಳಿದಿಲ್ಲ.

ದುರಸ್ತಿ

ದುರಸ್ತಿಗೆ ಹಲವು ದಾರಿಗಳಿವೆ. ವ್ಯಾಕರಣ ಪುಸ್ತಕಗಳನ್ನು ಓದಿದವರು ಮೊದಲು ಕೈಹಾಕುವುದು ‘ಬೀಯಿಂಗ್ ಏಬಲ್ ಟು’ ಎಂಬ ಬದಲಿ ಭಾಗಕ್ಕೆ. ಅದನ್ನು ಮೊದಲಿಗಲ್ಲ, ಕೊನೆಗೆ ಬಳಸಬೇಕೆಂಬುದು ಈ ಬರಹಗಾರನ ಅಭಿಪ್ರಾಯ.

ಮೊದಲು ನೋಡಬೇಕಾದದ್ದು ಪ್ರಿಪೊಸಿಷನ್ ತೆಗೆದು ಅದೇ ಅರ್ಥದ ಕಂಜಂಕ್ಷನ್ ಕೂರಿಸಲು ಬರುತ್ತದೆಯೇ ಎಂದು. ‘ಬಿಕಾಸ್ ಆಫ್’ ಮತ್ತು ‘ಡ್ಯೂ ಟು’ಗಳಿಗೆ ‘ಬಿಕಾಸ್’ ಅಥವಾ ‘ಆಸ್’, ‘ಡಿಸ್ಪೈಟ್’ ಮತ್ತು ‘ಇನ್ ಸ್ಪೈಟ್ ಆಫ್’ಗಳಿಗೆ ‘ಆಲ್ದೋ’, ‘ಡ್ಯೂರಿಂಗ್’ಗೆ ‘ವೈಲ್’ ಸಿದ್ಧವಾಗಿವೆ. ಹೀಗೆ ಬದಲಿಸಿದರೆ ಮೋಡಲ್ ಇದ್ದಲ್ಲಿಯೇ ಇರುತ್ತದೆ, ಅರ್ಥ ಒಂದಿಷ್ಟೂ ಕದಲುವುದಿಲ್ಲ. ಬಿಟ್ಟುಹೋದ ಕರ್ತೃವನ್ನು ಮಾತ್ರ ತುಂಬಬೇಕು. ‘ಆಸ್ ಐ ಕುಡ್ ನಾಟ್ ಗೆಟ್ ಎ ಬಸ್, ಐ ವಾಸ್ ಲೇಟ್’. ‘ಆಲ್ದೋ ಹಿ ಕ್ಯಾನ್ ಸ್ಪೀಕ್ ತೆಲುಗು, ಹಿ ಕೆಪ್ಟ್ ಕ್ವಾಯಟ್’. ಎರಡನೆಯದರಲ್ಲಿ ‘ಆಲ್ದೋ’ ಬಂದ ಮೇಲೆ ಮುಂದೆ ‘ಬಟ್’ ಸೇರಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಒಂದು ದೋಷ ತೆಗೆದು ಇನ್ನೊಂದು ಹಾಕಿದಂತಾಗದಿರಲಿ. ‘ಡಿಸ್ಪೈಟ್’ ಅನ್ನೇ ಉಳಿಸಿಕೊಳ್ಳುವ ಹಟವಿದ್ದರೆ ‘ಡಿಸ್ಪೈಟ್ ದಿ ಫ್ಯಾಕ್ಟ್ ದಟ್ ಹಿ ಕ್ಯಾನ್ ಸ್ಪೀಕ್’ ಎನ್ನಬಹುದು. ಕಚೇರಿಯ ಪತ್ರಕ್ಕೆ ಅದು ಸ್ವಲ್ಪ ಭಾರವಾಗುತ್ತದೆ.

‘ಇನ್ ಕೇಸ್ ಆಫ್ ಇಟ್ ಮೇ ರೇನ್’ ಎಂಬುದು ಬೇರೆಯಾಗಿಯೇ ಹೇಳಬೇಕಾದಷ್ಟು ವ್ಯಾಪಕವಾಗಿದೆ. ಇಲ್ಲಿ ‘ಆಫ್’ ಕಿತ್ತರೆ ಅರ್ಧ ದುರಸ್ತಿಯಾಯಿತು. ‘ಇನ್ ಕೇಸ್’ ಎಂಬುದರಲ್ಲೇ ಆಗಬಹುದೆಂಬ ಅರ್ಥ ಇರುವುದರಿಂದ ‘ಮೇ’ಯನ್ನೂ ಕಿತ್ತು ‘ಇನ್ ಕೇಸ್ ಇಟ್ ರೇನ್ಸ್’ ಎಂದರೆ ಪೂರ್ತಿ ದುರಸ್ತಿಯಾಗುತ್ತದೆ.

ಎರಡನೆಯ ದಾರಿ ಮೋಡಲ್ ಬೇಕೇ ಬೇಕೆ ಎಂದು ಕೇಳಿಕೊಳ್ಳುವುದು. ‘ಇನ್‌ಸ್ಟೆಡ್ ಆಫ್ ಕ್ಯಾನ್ ಗೋ ಬೈ ಟ್ರೇನ್, ಹಿ ಟುಕ್ ದಿ ಬಸ್ ಟು ಯಶವಂತಪುರ’ ಎಂಬಲ್ಲಿ ‘ಇನ್‌ಸ್ಟೆಡ್ ಆಫ್ ಗೋಯಿಂಗ್ ಬೈ ಟ್ರೇನ್’ ಎಂದರೆ ಏನೂ ಕಳೆದುಹೋಗುವುದಿಲ್ಲ. ‘ಬೈ’ ಮತ್ತು ‘ಇನ್‌ಸ್ಟೆಡ್ ಆಫ್’ಗಳಿಗೆ ಸರಿಹೊಂದುವ ನೇರ ಕಂಜಂಕ್ಷನ್ ಇಲ್ಲದಿರುವುದರಿಂದ ಅವುಗಳ ವಿಷಯದಲ್ಲಿ ಈ ದಾರಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದರೆ ಮೋಡಲ್ ಕಿತ್ತುಹಾಕುವ ಮುನ್ನ ಅದು ಏನು ಹೇಳುತ್ತಿತ್ತು ಎಂಬುದನ್ನು ತೂಗಿ ನೋಡಬೇಕು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬರು ದರ ಹೇಳಿದರು ಎನ್ನೋಣ. ‘ಹಿ ಕೋಟೆಡ್ ಎ ಪ್ರೈಸ್ ವಿದೌಟ್ ಸೀಯಿಂಗ್ ದಿ ಕಕೂನ್ಸ್’ ಎಂದರೆ ಅವರು ಗೂಡನ್ನು ನೋಡಲಿಲ್ಲ; ಬೇಕೆಂದೇ ನೋಡದಿರಬಹುದು, ಅಸಡ್ಡೆಯಿಂದ ಬಿಟ್ಟಿರಬಹುದು. ‘ವಿದೌಟ್ ಬೀಯಿಂಗ್ ಏಬಲ್ ಟು ಸೀ ದಿ ಕಕೂನ್ಸ್’ ಎಂದರೆ ಅವರಿಗೆ ನೋಡಲು ಆಗಲಿಲ್ಲ; ಜನ ಮುತ್ತಿಕೊಂಡಿದ್ದರೋ, ತಟ್ಟೆ ದೂರವಿತ್ತೋ. ಮೊದಲನೆಯದರಲ್ಲಿ ತಪ್ಪು ರೀಲರ್‌ದು, ಎರಡನೆಯದರಲ್ಲಿ ಸಂದರ್ಭದ್ದು. ದೂರುಪತ್ರ ಬರೆಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಇಂಥ ಕಡೆ ‘ಬೀಯಿಂಗ್ ಏಬಲ್ ಟು’ ತನ್ನ ಕೂಲಿಗೆ ತಕ್ಕ ಕೆಲಸ ಮಾಡುತ್ತದೆ.

ಆ ಬದಲಿ ಭಾಗ ಎಲ್ಲಿ ಕೂರುವುದಿಲ್ಲ ಎಂಬುದನ್ನು ಇನ್ನಷ್ಟು ವಿವರವಾಗಿ ಹೇಳಬೇಕು, ಏಕೆಂದರೆ ದುರಸ್ತಿ ಮಾಡಹೋಗಿ ವಾಕ್ಯವನ್ನು ಇನ್ನಷ್ಟು ಕೆಡಿಸುವುದು ಇಲ್ಲಿಯೇ. ‘ಏಬಲ್’ ಎಂಬುದು ಸಾಮರ್ಥ್ಯವನ್ನೂ ಅವಕಾಶವನ್ನೂ ಹೇಳುತ್ತದೆಯೇ ವಿನಾ, ಆದೀತು ಆಗದಿದ್ದೀತು ಎಂಬ ಊಹೆಯನ್ನು ಹೇಳುವುದಿಲ್ಲ. ‘ಬಿಕಾಸ್ ಆಫ್ ಮೇ ರೇನ್’ ಎಂಬುದನ್ನು ‘ಬಿಕಾಸ್ ಆಫ್ ಬೀಯಿಂಗ್ ಏಬಲ್ ಟು ರೇನ್’ ಎಂದು ತಿದ್ದಿದರೆ ಮಳೆಗೆ ಸುರಿಯುವ ತಾಕತ್ತು ಬಂದಿರುವುದರಿಂದ ರಾಗಿ ಮುಚ್ಚಿದೆವು ಎಂಬ ವಿಚಿತ್ರ ಅರ್ಥ ಬರುತ್ತದೆ. ಊಹೆಯ ‘ಮೇ’, ‘ಮೈಟ್’, ‘ಕುಡ್’ಗಳನ್ನು ಪ್ರಿಪೊಸಿಷನ್ ಹಿಂದಕ್ಕೆ ತರಬೇಕಾದರೆ ನಾಮಪದವನ್ನೇ ತರಬೇಕು: ‘ಬಿಕಾಸ್ ಆಫ್ ದಿ ಚಾನ್ಸ್ ಆಫ್ ರೇನ್’ ಎನ್ನಬಹುದು, ‘ಫಾರ್ ಫಿಯರ್ ಆಫ್ ರೇನ್’ ಎನ್ನಬಹುದು. ಕ್ರಿಯಾಪದವೇ ಬೇಕಾದಲ್ಲಿ ‘ಪಾಸಿಬ್ಲಿ’ ಎಂಬ ಪದ ಮೋಡಲ್‌ನ ಭಾರ ಹೊರುತ್ತದೆ: ‘ಶಿ ಅಪ್ಲೈಡ್ ಡಿಸ್ಪೈಟ್ ಪಾಸಿಬ್ಲಿ ಲೂಸಿಂಗ್ ಹರ್ ಸೀನಿಯಾರಿಟಿ’. ಕಂಜಂಕ್ಷನ್ ದಾರಿ ಹಿಡಿದರೆ ‘ಬಿಕಾಸ್ ಇಟ್ ಮೈಟ್ ರೇನ್’ ಸಾಕು. ನಾಲ್ಕರಲ್ಲಿ ಅದೇ ಹಗುರ. ‘ದೇರ್ ಈಸ್ ಎ ಪಾಸಿಬಿಲಿಟಿ ಆಫ್ ಇಟ್ ಮೇ ರೇನ್’ ಎಂಬಲ್ಲಿ ‘ಆಫ್’ ಹಿಂದೆ ‘ಮೇ’ ಬಂದ ದೋಷದ ಜೊತೆಗೆ ಸಾಧ್ಯತೆಯನ್ನು ಎರಡು ಸಲ ಹೇಳಿದ ದೋಷವೂ ಇದೆ. ‘ಎ ಪಾಸಿಬಿಲಿಟಿ ಆಫ್ ರೇನ್’ ಎಂದು ನಿಲ್ಲಿಸುವುದು ಲೇಸು.

ಅನುಮತಿಯ ‘ಮೇ’, ‘ಕ್ಯಾನ್’ಗಳಿಗೆ ‘ಏಬಲ್’ಗಿಂತ ‘ಅಲೌಡ್’ ಹೊಂದುತ್ತದೆ. ನಂದಿ ಬೆಟ್ಟದ ಗೇಟಿನಲ್ಲಿ ಬೈಕನ್ನು ತಡೆದು ನಿಲ್ಲಿಸಿದ ಸಂದರ್ಭವನ್ನು ‘ವಿ ವೆಯಿಟೆಡ್ ಆ್ಯನ್ ಅವರ್ ವಿದೌಟ್ ಬೀಯಿಂಗ್ ಅಲೌಡ್ ಟು ಗೋ ಅಪ್’ ಎಂದು ಬರೆದರೆ ತಡೆದವರು ಯಾರೋ ಇದ್ದಾರೆಂಬುದು ತಿಳಿಯುತ್ತದೆ. ‘ಏಬಲ್’ ಹಾಕಿದರೆ ಬೈಕೇ ಹತ್ತಲಿಲ್ಲವೇನೋ ಎಂಬ ಅನುಮಾನಕ್ಕೆ ಎಡೆಯಾಗುತ್ತದೆ.

ಇನ್ನು ಕರ್ತೃವಿನ ತೊಡಕು. ‘ಇಂಗ್’ ರೂಪಕ್ಕೆ ತನ್ನದೇ ಕರ್ತೃ ಕಾಣದಿದ್ದಾಗ ಓದುವವರು ಮುಖ್ಯವಾಕ್ಯದ ಕರ್ತೃವನ್ನೇ ಅದಕ್ಕೆ ಅಂಟಿಸಿಕೊಳ್ಳುತ್ತಾರೆ. ‘ಆಫ್ಟರ್ ಬೀಯಿಂಗ್ ಏಬಲ್ ಟು ಸೀ ದಿ ಡಾಕ್ಟರ್, ದಿ ಫೀವರ್ ಕೇಮ್ ಡೌನ್’ ಎಂದರೆ ಡಾಕ್ಟರನ್ನು ಕಂಡದ್ದು ಜ್ವರವೇ ಆಗುತ್ತದೆ. ‘ಆಫ್ಟರ್ ಐ ಸಾ ದಿ ಡಾಕ್ಟರ್’ ಎಂಬಷ್ಟಕ್ಕೆ ಬಿಡಬೇಕು. ಸಂದರ್ಶನ ಮುಗಿಸಿ ಬಂದವರು ಕಳಿಸುವ ‘ಥ್ಯಾಂಕ್ ಯು ಫಾರ್ ಕುಡ್ ಅಟೆಂಡ್ ದಿ ಇಂಟರ್ವ್ಯೂ’ ಎಂಬ ಸಾಲನ್ನು ‘ಫಾರ್ ಬೀಯಿಂಗ್ ಏಬಲ್ ಟು ಅಟೆಂಡ್’ ಎಂದು ತಿದ್ದಿದರೆ, ಹಾಜರಾದದ್ದು ಬರೆದವರಲ್ಲ, ಪತ್ರ ಓದುವ ಅಧಿಕಾರಿ ಎಂದಾಗುತ್ತದೆ. ಅಲ್ಲಿ ಮೋಡಲ್ ಹೇಳಬಯಸಿದ್ದು ದೊರೆತ ಅವಕಾಶವನ್ನು. ಆದ್ದರಿಂದ ‘ಫಾರ್ ದಿ ಆಪರ್ಚುನಿಟಿ ಟು ಅಟೆಂಡ್ ದಿ ಇಂಟರ್ವ್ಯೂ’ ಎಂಬುದೇ ನಿಜವಾದ ತಿದ್ದುಪಡಿ.

‘ಕೆನಾಟ್’ ಇದ್ದಲ್ಲಿ ‘ನಾಟ್’ ಎಂಬುದು ‘ಬೀಯಿಂಗ್’ಗಿಂತ ಮೊದಲು ಬರಬೇಕು: ‘ಹಿ ಅಪಾಲಜೈಸ್ಡ್ ಫಾರ್ ನಾಟ್ ಬೀಯಿಂಗ್ ಏಬಲ್ ಟು ಕಮ್’. ‘ಬೀಯಿಂಗ್ ನಾಟ್ ಏಬಲ್’ ಎಂದು ಬರೆಯುವುದು ವಾಡಿಕೆಯಲ್ಲಿಲ್ಲ. ಕಳೆದುಹೋದ ಅವಕಾಶ ಹೇಳುವ ‘ಡಿಸ್ಪೈಟ್ ಕುಡ್ ಹ್ಯಾವ್ ವನ್’ ಎಂಬುದಕ್ಕೆ ‘ಆಲ್ದೋ ದೆ ಕುಡ್ ಹ್ಯಾವ್ ವನ್’ ಬಿಟ್ಟು ಬೇರೆ ಹುಡುಕುವ ಶ್ರಮ ಬೇಡ.

ಉಳಿದದ್ದು ಪ್ರಶ್ನೆಯ ಗುಂಪು. ‘ಅಬೌಟ್’, ‘ರಿಗಾರ್ಡಿಂಗ್’, ‘ಡಿಪೆಂಡಿಂಗ್ ಆನ್’ ಎಂಬವುಗಳ ಹಿಂದೆ ಸಾಧ್ಯತೆಯ ಪ್ರಶ್ನೆಯೊಂದನ್ನು ಇಡಬೇಕಾದ ಅಗತ್ಯ ಪತ್ರವ್ಯವಹಾರದಲ್ಲಿ ಮತ್ತೆ ಮತ್ತೆ ಬರುತ್ತದೆ. ಇಲ್ಲಿ ಪ್ರಿಪೊಸಿಷನ್‌ಗೂ ಕರ್ತೃವಿಗೂ ನಡುವೆ ‘ವೆದರ್’ ಸೇರಿಸಿ, ಕರ್ತೃವನ್ನು ಮೋಡಲ್‌ಗಿಂತ ಮೊದಲಿಗೆ ತಂದರೆ ಸಾಕು: ‘ಐ ಹ್ಯಾವ್ ಎ ಡೌಟ್ ಅಬೌಟ್ ವೆದರ್ ಐ ಕ್ಯಾನ್ ಚೇಂಜ್ ಮೈ ಶಿಫ್ಟ್’. ಮೋಡಲ್ ತನ್ನ ರೂಪದಲ್ಲೇ ಉಳಿಯಿತು, ಪ್ರಿಪೊಸಿಷನ್ ಕೂಡ ಉಳಿಯಿತು. ‘ಹೌ’, ‘ವಾಟ್’, ‘ವೇರ್’, ‘ಹೂ’ಗಳೂ ಇದೇ ಕೆಲಸ ಮಾಡುತ್ತವೆ. ‘ಇಟ್ ಡಿಪೆಂಡ್ಸ್ ಆನ್ ಹೂ ಕ್ಯಾನ್ ಕಮ್’ ಎಂಬಲ್ಲಿ ‘ಹೂ’ ತಾನೇ ಕರ್ತೃವಾಗಿದ್ದು, ಅದರ ಎಡಕ್ಕೆ ಪ್ರಿಪೊಸಿಷನ್ ಇದ್ದರೂ ವಾಕ್ಯ ಸರಿಯಾಗಿದೆ. ‘ಹೂ ಕ್ಯಾನ್ ಕಮ್’ ಎಂಬ ಮೂರು ಪದಗಳ ಇಡೀ ಕಟ್ಟು ನಾಮಪದದ ಜಾಗದಲ್ಲಿ ಕೂತಿರುವುದು ಇದಕ್ಕೆ ಕಾರಣ. ‘ವೆದರ್’ ಬದಲು ‘ಇಫ್’ ಹಾಕುವುದು ಪ್ರಿಪೊಸಿಷನ್ ಹಿಂದೆ ಒಪ್ಪುವುದಿಲ್ಲವೆಂದು ತಿಳಿದರೆ ಕ್ಷೇಮ.

ದೋಷವಲ್ಲದ ದೋಷಗಳು

ನಿಯಮ ಕಲಿತ ಹೊಸತರಲ್ಲಿ ಪ್ರಿಪೊಸಿಷನ್ ಪಕ್ಕ ಮೋಡಲ್ ಕಂಡಲ್ಲೆಲ್ಲ ಕೆಂಪು ಶಾಯಿ ಹರಿಸುವ ಅಪಾಯವಿದೆ. ‘ದಿ ಬಸ್ ವಿ ಕೇಮ್ ಇನ್ ಮೇ ನಾಟ್ ಗೋ ಬ್ಯಾಕ್ ಟು ಮಧುಗಿರಿ’ ಎಂಬಲ್ಲಿ ‘ಇನ್’ ಪಕ್ಕಕ್ಕೇ ‘ಮೇ’ ನಿಂತಿದೆ. ‘ಯಾವುದು?’ ಎಂದು ಕೇಳಿದರೆ ‘ನಾವು ಬಂದ ಬಸ್ಸು’ ಎಂಬ ಉತ್ತರ ಬರುತ್ತದೆ. ‘ಇನ್’ ಆ ಬಸ್ಸಿನ ವರ್ಣನೆಗೆ ಸೇರಿದ್ದು, ‘ಮೇ’ ಮುಖ್ಯವಾಕ್ಯಕ್ಕೆ ಸೇರಿದ್ದು. ಅಕ್ಕಪಕ್ಕ ಕೂತ ಮಾತ್ರಕ್ಕೆ ಅವುಗಳಿಗೆ ಸಂಬಂಧವಿಲ್ಲ. ‘ಅಟ್ ವಿಚ್ ಕೌಂಟರ್ ಕ್ಯಾನ್ ಐ ಪೇ?’ ಎಂಬುದು ನೇರ ಪ್ರಶ್ನೆ. ಕರ್ತೃ ಬಲಕ್ಕೆ ಸರಿದದ್ದು ನ್ಯಾಯವೇ. ಪರೀಕ್ಷಾ ಸೂಚನೆಗಳ ಧಾಟಿಯ ‘ಅಂಡರ್ ನೋ ಸರ್ಕಮ್‌ಸ್ಟಾನ್ಸಸ್ ಮೇ ಎ ಕ್ಯಾಂಡಿಡೇಟ್ ಲೀವ್ ದಿ ಹಾಲ್’ ಎಂಬುದೂ ಸರಿ. ನಿಷೇಧಾರ್ಥದ ಗುಚ್ಛ ಮೊದಲಿಗೆ ಬಂದಾಗ ಇಂಗ್ಲಿಷ್ ಹೀಗೆ ತಿರುಗಿ ನಿಲ್ಲುತ್ತದೆ. ‘ಓನ್ಲಿ’ ಮೊದಲು ಬಂದಾಗಲೂ ಅಷ್ಟೇ.

ಕೆಲವೊಮ್ಮೆ ಮೋಡಲ್ ಎಂದುಕೊಂಡದ್ದು ಮೋಡಲ್ ಆಗಿರುವುದೇ ಇಲ್ಲ. ಬೇಸಿಗೆಯಲ್ಲಿ ಕೋಲಾರದ ಮನೆಯೊಂದರವರು ‘ವಿ ಮ್ಯಾನೇಜ್ ವಿದೌಟ್ ಕ್ಯಾನ್ ವಾಟರ್ ಈವನ್ ಇನ್ ಮೇ’ ಎಂದರೆ ‘ವಿದೌಟ್’ ಹಿಂದೆ ‘ಕ್ಯಾನ್’, ‘ಇನ್’ ಹಿಂದೆ ‘ಮೇ’ ಬಂದು ವಾಕ್ಯ ಎರಡು ಕಡೆ ಕೆಟ್ಟಂತೆ ತೋರುತ್ತದೆ. ಕ್ಯಾನ್ ಎಂದರೆ ಇಲ್ಲಿ ಮನೆ ಬಾಗಿಲಿಗೆ ಬರುವ ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಮೇ ಎಂದರೆ ಏಪ್ರಿಲ್ ಆದಮೇಲಿನ ತಿಂಗಳು, ಎರಡೂ ನಾಮಪದಗಳೇ. ‘ವಿತ್ ಆಲ್ ಹಿಸ್ ಮೈಟ್’, ‘ಅಗೇನ್ಸ್ಟ್ ಹರ್ ವಿಲ್’ ಎಂಬವೂ ಹೀಗೆಯೇ. ‘ಫಾರ್ ಮೇಬಿ ಟು ಅವರ್ಸ್’ ಎಂಬಲ್ಲಿ ‘ಮೇಬಿ’ ಒಂದೇ ಪದ. ಅದು ಬಹುಶಃ ಎಂಬ ಅರ್ಥದ ಅವ್ಯಯವಾದ್ದರಿಂದ ಪ್ರಿಪೊಸಿಷನ್ ಹಿಂದೆ ಬರಬಲ್ಲದು. ಅದನ್ನು ಒಡೆದು ‘ಮೇ’ ಮತ್ತು ‘ಬಿ’ ಎಂದು ಎರಡಾಗಿ ಬರೆದ ಕ್ಷಣವೇ ದೋಷ ಒಳಬರುತ್ತದೆ.

ಕೊನೆಗೆ, ಕರ್ತೃ ಹುಡುಕುವ ತಪಾಸಣೆಗೇ ಸಿಗದ ಎರಡು ಪದಗಳಿವೆ: ‘ದ್ಯಾನ್’ ಮತ್ತು ‘ಆಸ್’. ಕೋಲಾರದ ಎಪಿಎಂಸಿಗೆ ಬಂದ ಟೊಮ್ಯಾಟೊ ಬಗ್ಗೆ ‘ಮೋರ್ ಕ್ರೇಟ್ಸ್ ಕೇಮ್ ದ್ಯಾನ್ ಕುಡ್ ಬಿ ಸೋಲ್ಡ್’ ಎಂದು ಬರೆದರೆ ‘ಕುಡ್’ಗೆ ಕರ್ತೃ ಕಾಣುವುದಿಲ್ಲ, ವರದಿಗಳಲ್ಲಿ ಬರುವ ‘ಆಸ್ ಕ್ಯಾನ್ ಬಿ ಸೀನ್ ಫ್ರಮ್ ದಿ ಟೇಬಲ್’ ಎಂಬಲ್ಲಿಯೂ ಕಾಣುವುದಿಲ್ಲ. ಆದರೂ ಎರಡೂ ಶುದ್ಧ ಇಂಗ್ಲಿಷ್. ಮೊದಲನೆಯದರಲ್ಲಿ ಹೋಲಿಕೆಗೆ ಸಿಕ್ಕಿದ ಕ್ರೇಟುಗಳೇ ಕರ್ತೃವಿನ ಜಾಗವನ್ನು ಒಳಗಿನಿಂದ ತುಂಬಿವೆ. ಎರಡನೆಯದರಲ್ಲಿ ಮುಂದೆ ಬರುವ ಇಡೀ ವಾಕ್ಯವೇ ಆ ಕೆಲಸ ಮಾಡುತ್ತದೆ. ಅಲ್ಲಿ ‘ಇಟ್’ ತುರುಕಿ ‘ಆಸ್ ಇಟ್ ಕ್ಯಾನ್ ಬಿ ಸೀನ್’ ಎಂದು ತಿದ್ದುವವರು ಸರಿಯಿದ್ದುದನ್ನೇ ಕೆಡಿಸುತ್ತಾರೆ. ಈ ಎರಡನ್ನು ಹೊರತುಪಡಿಸಿ, ಸಾಮಾನ್ಯ ಪತ್ರಗಳಲ್ಲಿ ಬೇರೆ ಪದದ ಹಿಂದೆ ಕರ್ತೃವಿಲ್ಲದ ಮೋಡಲ್ ಕಂಡರೆ ತಪಾಸಣೆಯನ್ನು ಮತ್ತೆ ಮೊದಲಿನಿಂದ ಮಾಡಬೇಕು.